ನೆಗೆಟಿವ್‌ಗೆ ತಕ್ಕ ಕಾಗದ

ಮೊಬೈಲಿನ ಮೇಲೆ ಬೆರಳಿಟ್ಟರೆ ಚಿತ್ರ ಮೂಡುವ ಈ ದಿನಗಳಲ್ಲಿ ಕತ್ತಲೆ ಕೋಣೆಯ ಮಾತೇಕೆ ಎಂದು ಪಾಲಕರು ಕೇಳಬಹುದು. ಆದರೆ ಸೊಲ್ಲಾಪುರ, ಅಕ್ಕಲಕೋಟೆಗಳ ಎಷ್ಟೋ ಮನೆಗಳ ಟ್ರಂಕುಗಳಲ್ಲಿ ಹಿರಿಯರ ನೆಗೆಟಿವ್‌ಗಳು ಇನ್ನೂ ಉಳಿದಿವೆ. ಅವುಗಳಿಂದ ಫೋಟೋ ತೆಗೆಯುವುದನ್ನು ನಮ್ಮ ಮಕ್ಕಳು ಕಲಿಯುತ್ತಿದ್ದಾರೆ. ಇದಕ್ಕೆ ಯಾವ ಕಾಗದ ಕೊಳ್ಳಬೇಕೆಂಬುದೇ ಈಗಿನ ಪ್ರಶ್ನೆ.

ಹಳೆಯ ಸ್ಟುಡಿಯೋಗಳಲ್ಲಿ ದರ್ಜೆಗೊಂದು ಪಾಕೀಟು ಇರುತ್ತಿತ್ತು. ಒಂದನೆಯದು ಮೃದು, ಎರಡನೆಯದು ಸಾಧಾರಣ, ಮೂರು ಮತ್ತು ಅದರಾಚೆಯವು ಕಠಿಣ. ಸಂಖ್ಯೆ ಏರಿದಂತೆ ಕಪ್ಪು ಬಿಳುಪುಗಳ ಅಂತರ ಹೆಚ್ಚು. ಎರಡನೆಯ ಬಗೆಯ ಕಾಗದದಲ್ಲಿ ಎಲ್ಲ ದರ್ಜೆಗಳೂ ಅಡಗಿವೆ. ಇಂಗ್ಲೆಂಡಿನ ಇಲ್ಫರ್ಡ್ ಕಂಪನಿ 1940ರಲ್ಲೇ 'ಮಲ್ಟಿಗ್ರೇಡ್' ಎಂಬ ಹೆಸರಿನಲ್ಲಿ ಇದನ್ನು ಹೊರತಂದಿತು. ಈ ಕಾಗದದ ಲೇಪ ಹಸಿರು ಬೆಳಕಿಗೆ ಮೃದುವಾಗಿಯೂ ನೀಲಿ ಬೆಳಕಿಗೆ ಕಠಿಣವಾಗಿಯೂ ಸ್ಪಂದಿಸುತ್ತದೆ. ಹಳದಿ ಫಿಲ್ಟರು ನೀಲಿಯನ್ನು ತಡೆದು ಚಿತ್ರವನ್ನು ಮೃದುಗೊಳಿಸುತ್ತದೆ. ಕೆನ್ನೇರಳೆ ಫಿಲ್ಟರು ಹಸಿರನ್ನು ತಡೆದು ಕಠಿಣಗೊಳಿಸುತ್ತದೆ.

ನಮ್ಮದೇ ಒಂದು ತಪ್ಪನ್ನು ಹೇಳಬೇಕು. ವಿದ್ಯಾರ್ಥಿಯೊಬ್ಬ ತನ್ನ ಅಜ್ಜನ ನೆಗೆಟಿವ್ ತಂದಿದ್ದ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆ, ಸುಡುವ ಬಿಸಿಲು, ನಂದಿಧ್ವಜದ ಬಳಿ ಬಿಳಿ ಬಾರಾಬಂದಿ ತೊಟ್ಟು ನಿಂತ ಅಜ್ಜ. ನಮ್ಮಲ್ಲಿದ್ದುದು ಮೂರನೆಯ ದರ್ಜೆಯ ಕಾಗದ ಮಾತ್ರ. ಅದರಲ್ಲೇ ಅಚ್ಚು ಹಾಕಿದೆವು. ಬಟ್ಟೆಯ ನೆರಿಗೆಗಳೆಲ್ಲ ಬರೀ ಬಿಳುಪಾದವು, ಮುಖ ಕಪ್ಪಾಯಿತು. ಅದನ್ನು ನೋಡಿದ ಅಜ್ಜಿ, "ಮಾರೀನ ಕಾಣವಲ್ದಲ್ರೀ ಸರ್" ಎಂದರು. ನಮಗೆ ಉತ್ತರ ಹೊಳೆಯಲಿಲ್ಲ. ನೆಗೆಟಿವ್‌ನಲ್ಲಿ ಮುಖವಿತ್ತು, ಅದನ್ನು ಮರೆಮಾಡಿದ್ದು ನಾವು ಆರಿಸಿದ ಕಾಗದ.

ಅದೇ ಕಾಗದ, ಮೋಡದ ದಿನ ಮನೆಯೊಳಗೆ ತೆಗೆದ ಮಂಕು ನೆಗೆಟಿವ್‌ಗೆ ಚೆನ್ನಾಗಿ ಒಪ್ಪುತ್ತಿತ್ತು. ಟ್ರಂಕಿನಿಂದ ಬರುವ ನೆಗೆಟಿವ್‌ಗಳು ಒಂದೇ ಬಗೆಯವಲ್ಲ. ನಾಲ್ಕು ದರ್ಜೆಯ ಪಾಕೀಟು ಕೊಂಡಿಟ್ಟು, ಅರ್ಧ ಬಳಸಿ, ಉಳಿದವು ಹಳತಾಗಿ ಕೆಡುವುದನ್ನು ನೋಡುವ ಶಕ್ತಿ ನಮ್ಮಂಥ ಶಾಲೆಗಿಲ್ಲ. ಅಲ್ಲದೆ ಸ್ಥಿರ ದರ್ಜೆಯ ಕಾಗದ ಈಗ ಅಪರೂಪ. 'ಇಂದು' ಹೆಸರಿನ ಸರಕು ತಯಾರಿಸುತ್ತಿದ್ದ ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯೂ ಮುಚ್ಚಿದೆ. ಆದ್ದರಿಂದ ಒಂದೇ ಪಾಕೀಟು ಬಹುದರ್ಜೆಯ ಕಾಗದ, ಜೊತೆಗೆ ಒಂದು ಜೊತೆ ಫಿಲ್ಟರು, ಇದೇ ನಮಗೆ ತಕ್ಕುದೆಂಬುದು ನಮ್ಮ ಅಭಿಪ್ರಾಯ. ಒಂದೇ ಚಿತ್ರದಲ್ಲಿ ಬಟ್ಟೆಗೊಂದು, ಮುಖಕ್ಕೊಂದು ದರ್ಜೆ ಕೊಡಲೂ ಇದರಿಂದ ಸಾಧ್ಯ.

ಸ್ಥಿರ ದರ್ಜೆಯ ಪರವಾಗಿಯೂ ಒಂದು ಮಾತು ನಿಜ: ಅದು ಶಿಸ್ತು ಕಲಿಸುತ್ತದೆ. ಫಿಲ್ಟರು ಕೈಗೆ ಸಿಕ್ಕೊಡನೆ ಮಕ್ಕಳು ಅದನ್ನೇ ಬದಲಿಸುತ್ತ ಕೂಡುವರು. ಅದಕ್ಕೆ ನಮ್ಮ ಸಲಹೆ ಇಷ್ಟೇ. ಮೊದಲ ಕೆಲವು ವಾರ ಎರಡನೆಯ ದರ್ಜೆಯ ಫಿಲ್ಟರನ್ನು ಬಿಟ್ಟು ಬೇರೆಯದನ್ನು ಮುಟ್ಟಬಾರದು. ಬಿಳುಪು ಸರಿಬರುವಷ್ಟು ಹೊತ್ತು ಬೆಳಕು ಕೊಡುವುದನ್ನು ಮೊದಲು ಕಲಿಯಬೇಕು. ಆಮೇಲೆ ಕಪ್ಪು ಹೆಚ್ಚಾದರೆ ಮೃದು, ಸಾಲದಿದ್ದರೆ ಕಠಿಣ ಫಿಲ್ಟರು ಹಾಕಬೇಕು. ಈ ಕಾಗದ ಹಸಿರನ್ನೂ ಕಾಣುವುದರಿಂದ ಕೋಣೆಯಲ್ಲಿ ಹಳದಿ ದೀಪ ಬೇಡ, ಕೆಂಪು ದೀಪವೇ ಇರಲಿ.

ಪಾಲಕರಲ್ಲಿ ಒಂದು ವಿನಂತಿ. ದೀಪಾವಳಿಗೆ ಮನೆ ಸ್ವಚ್ಛಮಾಡುವಾಗ ಹಳೆಯ ನೆಗೆಟಿವ್‌ಗಳನ್ನು ಕಸವೆಂದು ಎಸೆಯಬೇಡಿರಿ, ಮಕ್ಕಳ ಕೈಯಲ್ಲಿ ಕಳಿಸಿರಿ. ಆ ಅಜ್ಜನ ಫೋಟೋವನ್ನು ಮೃದು ಫಿಲ್ಟರಿನಲ್ಲಿ ಮತ್ತೆ ಅಚ್ಚು ಹಾಕುವ ಸಾಲ ನಮ್ಮ ಮೇಲಿದೆ. ಈ ಸಲ ಮುಖ ಕಾಣಲೇಬೇಕು.