ಕಡಲು, ಮುಗಿಲು, ಎರೆನೆಲ: ಪ್ರಕೃತಿಕವಿಯಾಗಿ ವಿನಾಯಕ

ವಿ.ಕೃ. ಗೋಕಾಕರ ಹೆಸರು ಕೇಳಿದೊಡನೆ ಸಾಮಾನ್ಯ ಓದುಗರಿಗೆ ನೆನಪಾಗುವುದು ಭಾಷಾ ಸಮಿತಿಯ ವರದಿ. ಕನ್ನಡ ವಿಭಾಗದ ವಿದ್ಯಾರ್ಥಿಗೆ ಅವರು ನವ್ಯಕಾವ್ಯದ ಹರಿಕಾರ, 1990ರ ಜ್ಞಾನಪೀಠ ಪುರಸ್ಕೃತ. ಇಂಗ್ಲಿಷ್ ವಿಭಾಗಕ್ಕೆ ಅವರು 1970ರಲ್ಲಿ ಸಾಹಿತ್ಯ ಅಕಾದೆಮಿ ಪ್ರಕಟಿಸಿದ ಭಾರತೀಯ ಇಂಗ್ಲಿಷ್ ಕಾವ್ಯಸಂಕಲನದ ಸಂಪಾದಕ. ಮೂರೂ ಪರಿಚಯಗಳು ಸರಿಯೇ. ಆದರೆ ಈ ಮೂರರ ನಡುವೆ ನಾಲ್ಕನೆಯ ಗೋಕಾಕರು ಮರೆಯಾಗಿದ್ದಾರೆ: ಕಡಲನ್ನೂ ಮುಗಿಲನ್ನೂ ನೆಲವನ್ನೂ ಕಾವ್ಯದ ನೇರ ವಸ್ತುವಾಗಿಸಿಕೊಂಡ ‘ವಿನಾಯಕ’. ಅವರನ್ನು ಮರಳಿ ಪಠ್ಯಕ್ಕೆ ತರುವುದು ಇಂದಿನ ಅಗತ್ಯ.

ಗೋಕಾಕರು ಹುಟ್ಟಿದ್ದು 1909ರಲ್ಲಿ, ಅಂದಿನ ಧಾರವಾಡ ಪ್ರದೇಶದ ಸವಣೂರಿನಲ್ಲಿ. ಓದಿದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ, ಅನಂತರ ಆಕ್ಸ್‌ಫರ್ಡಿನಲ್ಲಿ. ಪುಣೆ, ಸಾಂಗ್ಲಿ ಮೊದಲಾದೆಡೆ ಇಂಗ್ಲಿಷ್ ಪ್ರಾಧ್ಯಾಪಕರೂ ಪ್ರಾಂಶುಪಾಲರೂ ಆಗಿದ್ದು, ಐವತ್ತರ ದಶಕದಲ್ಲಿ ತಾವು ಕಲಿತ ಕಾಲೇಜಿಗೇ ಪ್ರಾಂಶುಪಾಲರಾಗಿ ಬಂದರು. ಮುಂದೆ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ, ಬೆಂಗಳೂರು ವಿಶ್ವವಿದ್ಯಾಲಯ, ಶಿಮ್ಲಾದ ಉನ್ನತ ಅಧ್ಯಯನ ಸಂಸ್ಥೆಗಳ ಹೊಣೆ ಹೊತ್ತರು. ಅಧಿಕಾರದ ಈ ದೀರ್ಘ ಪಟ್ಟಿಯೇ ಅವರ ಕಾವ್ಯವನ್ನು ಮುಚ್ಚಿಹಾಕಿದ್ದರೆ ಆಶ್ಚರ್ಯವಿಲ್ಲ.

1940ರಲ್ಲಿ ಪ್ರಕಟವಾದ ‘ಸಮುದ್ರಗೀತೆಗಳು’ ಸಂಕಲನದ ಮಹತ್ವ ತಿಳಿಯಬೇಕಾದರೆ ಕನ್ನಡದ ಹಳೆಯ ಕಡಲನ್ನು ನೆನೆಯಬೇಕು. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳನ್ನು ವಿಧಿಸಿದ ಮಾರ್ಗಪರಂಪರೆಯಲ್ಲಿ ಸಮುದ್ರವರ್ಣನೆಯೂ ಒಂದು ಅಂಗ. ಕುರಿಕ್ಯಾಲದ ಜಿನವಲ್ಲಭ ಶಾಸನದ ಪ್ರಕಾರ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಕಡಲಿಲ್ಲದ ಈ ಎರೆನೆಲದ ನಂಟಿರುವ ಕವಿಯ ‘ಆದಿಪುರಾಣ’ದಲ್ಲಿ ಭರತನ ದಿಗ್ವಿಜಯ ಪೂರ್ವಸಮುದ್ರವನ್ನು ಮುಟ್ಟುತ್ತದೆ, ಚಕ್ರವರ್ತಿಯ ಬಾಣ ಮಾಗಧಾಮರನ ನೆಲೆಯನ್ನು ತಲುಪುತ್ತದೆ. ಅಲ್ಲಿ ಕಡಲು ದಿಗ್ವಿಜಯದ ಎಲ್ಲೆ. ಭರತನ ಕಥೆ ಕೊನೆಗೆ ಎಲ್ಲ ಗೆಲುವಿನ ನಿರರ್ಥಕತೆಯನ್ನು ಕಾಣಿಸುವುದರಿಂದ ಆ ವರ್ಣನೆಯನ್ನು ಬರಿಯ ಅಲಂಕಾರವೆಂದು ತಳ್ಳಿಹಾಕಲಾಗದು. ಆದರೂ ಅದು ಕಥೆಯ ಅಧೀನದಲ್ಲಿರುವ ಕಡಲು.

ವಿನಾಯಕರ ಕಡಲು ಯಾವ ಕಥಾನಾಯಕನ ಅಧೀನದಲ್ಲಿಯೂ ಇಲ್ಲ. ಆಕ್ಸ್‌ಫರ್ಡಿನ ಪ್ರಯಾಣ ಅವರಿಗೆ ‘ಸಮುದ್ರದಾಚೆಯಿಂದ’ ಎಂಬ ಪ್ರವಾಸಗದ್ಯವನ್ನೂ ಈ ಗೀತೆಗಳನ್ನೂ ಕೊಟ್ಟಿತು. ಕಡಲಿನ ಚಲನೆಗೆ ಮಾತ್ರೆಗಳ ಕಟ್ಟು ಸಾಲದೆಂದು ಅವರು ಮುಕ್ತಛಂದಸ್ಸಿನತ್ತ ಹೊರಳಿದರು. ಕನ್ನಡ ಛಂದಸ್ಸಿನ ಚರಿತ್ರೆಯಲ್ಲಿ ಇದು ಗಮನಾರ್ಹ ಘಟನೆ: ವಸ್ತುವಾಗಿ ಬಂದ ಪ್ರಕೃತಿಯೇ ಇಲ್ಲಿ ರೂಪವನ್ನೂ ಬದಲಿಸಿತು. ನವ್ಯದ ಚರಿತ್ರೆಯನ್ನು ನಗರದ ನಿರಾಶೆಯಿಂದಷ್ಟೇ ಆರಂಭಿಸುವವರು ಈ ತೆರೆಗಳ ಪಾಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

1957ರ ‘ದ್ಯಾವಾಪೃಥಿವಿ’ ಇನ್ನೂ ಮುಂದಿನ ಹೆಜ್ಜೆ. ಸಾಹಿತ್ಯ ಅಕಾದೆಮಿ ಪ್ರಶಸ್ತಿ ಪಡೆದ ಈ ಕೃತಿಯ ಹೆಸರು ವೇದದ ಜೋಡಿದೇವತೆಗಳದು. ಒಂದು ಭಾಗಕ್ಕೆ ಮೋಡ ವಸ್ತು, ಇನ್ನೊಂದಕ್ಕೆ ಭೂಮಿ. ಮೋಡಕ್ಕೆ ಅವರು ಆರಿಸಿಕೊಂಡ ಹೆಸರು ‘ನೀರದ’, ಎಂದರೆ ನೀರನ್ನು ಕೊಡುವುದು. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಹೊಲಗಳಲ್ಲಿ ಈ ಪದ ನಿಘಂಟಿನಲ್ಲಿ ಉಳಿಯುವುದಿಲ್ಲ. ಮಳೆ ಕುಡಿದ ಕರಿಮಣ್ಣು ತನ್ನಲ್ಲಿ ಹಿಡಿದಿಟ್ಟುಕೊಂಡ ಹಸಿಯ ಮೇಲೆಯೇ ಹಿಂಗಾರಿನ ಬಿಳಿಜೋಳ, ಕಡಲೆ, ಗೋದಿ ಬೆಳೆಯಬೇಕು. ಹಸಿ ಆರಿದರೆ ಅದೇ ನೆಲ ಬಾಯಿಬಿಡುತ್ತದೆ. ದ್ಯಾವಾ ಮತ್ತು ಪೃಥಿವಿಯರ ಸಂಬಂಧ ಇಲ್ಲಿನ ಒಕ್ಕಲಿಗನಿಗೆ ವರ್ಷ ವರ್ಷದ ಲೆಕ್ಕಾಚಾರ.

ಆಕ್ಷೇಪಗಳಿಲ್ಲದಿಲ್ಲ. ಗೋಕಾಕರ ಪ್ರಕೃತಿ ಇಂಗ್ಲಿಷ್ ತರಗತಿಯಲ್ಲಿ ಕಲಿತದ್ದು ಎಂಬುದು ಒಂದು. ಕಲಿತ ಕಣ್ಣು ಕುರುಡಾಗಬೇಕಾಗಿಲ್ಲ, ಬಿ.ಎಂ.ಶ್ರೀ.ಯವರ ‘ಇಂಗ್ಲಿಷ್ ಗೀತಗಳು’ ಕೃತಿಯಿಂದ ನವೋದಯವೇ ಕಣ್ಣು ತೆರೆಯಿತು. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದುದು. ಅರವಿಂದರ ದರ್ಶನಕ್ಕೆ ಒಲಿದ ಈ ಕವಿ ವಸ್ತುವನ್ನು ಪೂರ್ತಿ ನೋಡುವ ಮೊದಲೇ ಅದರ ಅರ್ಥಕ್ಕೆ ಜಿಗಿಯುತ್ತಾರೆ. ಮೋಡ ಮೋಡವಾಗಿ ತುಸು ಹೊತ್ತು ನಿಲ್ಲಬೇಕಿತ್ತು ಎನಿಸುವ ಕಡೆಗಳುಂಟು. ಕಾರಂತ, ತೇಜಸ್ವಿಯವರಲ್ಲಿ ಕಾಣುವ ಜೀವಿಜೀವಿಯ ಪರಿಚಯ ಇಲ್ಲಿ ಸಿಗದು. ಈ ಕೊರತೆಯನ್ನು ಒಪ್ಪಿಯೇ ಅವರನ್ನು ಓದಬೇಕು.

ಓದದಿದ್ದರೆ ಆಗುವ ನಷ್ಟ ಒಬ್ಬ ಕವಿಯದಷ್ಟೇ ಆಗಿ ಉಳಿಯದು. ಪರಿಸರ ವಿಮರ್ಶೆ ಎಂದೊಡನೆ ನಮ್ಮ ಸಂಶೋಧನೆ ಮಲೆನಾಡಿಗೂ ಕರಾವಳಿಗೂ ಹೊರಡುತ್ತದೆ. ಕಾಡಿಲ್ಲದ ಬಯಲಿಗೆ ಪ್ರಕೃತಿಯೇ ಇಲ್ಲವೆಂಬಂತೆ ವರ್ತಿಸುತ್ತದೆ. ಆದರೆ ಈ ಜಿಲ್ಲೆಯ ನೀರು ಎರಡು ಕಡಲುಗಳಿಗೆ ಹರಿಯುತ್ತದೆ. ಧಾರವಾಡದ ಶಾಲ್ಮಲೆ ಕಲಘಟಗಿ ಸೀಮೆಯ ಬೇಡ್ತಿಯೊಡನೆ ಕೂಡಿ, ಗಂಗಾವಳಿ ಎನಿಸಿಕೊಂಡು ಪಶ್ಚಿಮ ಸಮುದ್ರ ಸೇರುತ್ತದೆ; ಕುಂದಗೋಳ, ನವಲಗುಂದಗಳ ಬೆಣ್ಣಿಹಳ್ಳ ಮಲಪ್ರಭೆಯನ್ನು, ಅದರ ಮೂಲಕ ಕೃಷ್ಣೆಯನ್ನು ಕೂಡಿ ಪೂರ್ವ ಸಮುದ್ರಕ್ಕೆ ಸಾಗುತ್ತದೆ. ಕಡಲು ಕಾಣದ ನಾಡು ಕಡಲಿನ ಕವಿಯನ್ನು ಪಡೆದದ್ದು ವಿಚಿತ್ರವೇನಲ್ಲ. ಪಂಪನ ಸಮುದ್ರವರ್ಣನೆಯ ಪಕ್ಕದಲ್ಲಿ ಒಂದು ಸಮುದ್ರಗೀತೆಯನ್ನಿಟ್ಟು ಪಾಠ ಮಾಡುವುದಕ್ಕೆ ಹೊಸ ವಿಭಾಗ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಕನ್ನಡ ಮತ್ತು ಇಂಗ್ಲಿಷ್ ವಿಭಾಗಗಳ ನಡುವಿನ ಗೋಡೆಯಲ್ಲಿ ಒಂದು ಬಾಗಿಲು ತೆರೆದರೆ ಸಾಕು.