ಲೈನ್ ಮನೆಯವರ ಲೆಕ್ಕ ಯಾವ ಊರಿಗೆ?



ಕಳೆದ ಕುಯ್ಲಿನ ಕಾಲದಲ್ಲಿ ಒಂದು ಸಂಜೆ ಸಂಘದ ಕಚೇರಿಯಲ್ಲಿ ಕರ್ನಾಟಕದ ಮಾನವ ಅಭಿವೃದ್ಧಿ ವರದಿಯ ನಕಾಶೆಯನ್ನು ಹರಡಿಕೊಂಡು ಕುಳಿತಿದ್ದೆ. ನಮ್ಮ ತೋಟಕ್ಕೆ ವರ್ಷವೂ ಕಾಫಿ ಕುಯ್ಯಲು ಬರುವ ವಿಜಯಪುರ ಕಡೆಯವನೊಬ್ಬ ಬಟವಾಡೆಗೆಂದು ನನ್ನನ್ನು ಹುಡುಕಿಕೊಂಡು ಬಂದ. ಬಗ್ಗಿ ನೋಡಿ, "ಸಾಹೇಬ್ರ, ಇದರಾಗ ನಮ್ಮ ತಿಕೋಟಾ ಎಲ್ಲೈತ್ರಿ?" ಎಂದ. ನಾನು ಬಿಜಾಪುರದ ಮೇಲೆ ಬೆರಳಿಟ್ಟೆ. "ಅದು ಜಿಲ್ಲಾ ಆತ್ರಿ. ನಮ್ಮೂರು?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಜನರ ಸುಖದುಃಖವನ್ನು ಅಳೆದು ನಕಾಶೆಗೆ ಇಳಿಸುವ ಪ್ರಯತ್ನ ಭೂಗೋಳಶಾಸ್ತ್ರದಲ್ಲಿ ಹೊಸದೇನಲ್ಲ. ಯಾವ ಪ್ರದೇಶದವರಿಗೆ ಏನು ದಕ್ಕಿದೆ ಎಂಬುದನ್ನೇ ಶಾಸ್ತ್ರದ ಮುಖ್ಯ ಪ್ರಶ್ನೆಯನ್ನಾಗಿ 1970ರ ದಶಕದಲ್ಲಿ ಇಂಗ್ಲೆಂಡಿನ ಭೂಗೋಳಜ್ಞ ಡೇವಿಡ್ ಸ್ಮಿತ್ ಎತ್ತಿದರು. 1990ರಲ್ಲಿ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕ ಬಂತು. ಆಯುಸ್ಸು, ಅಕ್ಷರ, ಆದಾಯ ಈ ಮೂರನ್ನೂ ಸೇರಿಸಿ ಸೊನ್ನೆಯಿಂದ ಒಂದರೊಳಗಿನ ಒಂದು ಅಂಕಿ. ನಮ್ಮ ರಾಜ್ಯದ 2005ರ ವರದಿಯಂತೆ 2001ರಲ್ಲಿ ರಾಜ್ಯದ ಅಂಕಿ 0.650, ಕೊಡಗಿನದು 0.697, ಬಿಜಾಪುರದ್ದು 0.589.

ಅದಕ್ಕೂ ಮುಂಚೆ, 2002ರಲ್ಲಿ, ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ಇನ್ನೂ ಕೆಳಗಿಳಿದು 175 ತಾಲ್ಲೂಕುಗಳನ್ನು 35 ಮಾನದಂಡಗಳಿಂದ ತೂಗಿ, 114 ತಾಲ್ಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ತೋರಿಸಿಕೊಟ್ಟಿತು. ದೊಡ್ಡ ಕೆಲಸವೇ ಸರಿ. ವಿಶೇಷ ಅಭಿವೃದ್ಧಿ ಯೋಜನೆಯ ಹಣ ಈ ಪಟ್ಟಿಯ ಆಧಾರದ ಮೇಲೆಯೇ ಹರಿಯಿತು. ಆದರೆ ಆಗ ತಿಕೋಟಾ, ಬಬಲೇಶ್ವರ ಎರಡೂ ವಿಜಯಪುರ ತಾಲ್ಲೂಕಿನ ಹೊಟ್ಟೆಯೊಳಗಿದ್ದವು. ನಗರದಲ್ಲಿ 2011ರ ಹೊತ್ತಿಗೆ ಮೂರು ಲಕ್ಷಕ್ಕೂ ಮಿಕ್ಕಿ ಜನ. ಅಲ್ಲಿಯ ಆಸ್ಪತ್ರೆ, ಕಾಲೇಜು, ಬ್ಯಾಂಕುಗಳೆಲ್ಲ ಹಳ್ಳಿಗಳ ಲೆಕ್ಕಕ್ಕೂ ಸೇರಿದವು. ಸರಕು ಅಡಿಕೆಯನ್ನೂ ಗೊರಬಲನ್ನೂ ಒಂದೇ ಚೀಲಕ್ಕೆ ಸುರಿದು ಸರಾಸರಿ ದರ ಕಟ್ಟಿದರೆ ನಮ್ಮ ಸದಸ್ಯರು ಸುಮ್ಮನಿರುತ್ತಾರೆಯೆ?

ಈಗ ಅವೆರಡೂ ಪ್ರತ್ಯೇಕ ತಾಲ್ಲೂಕುಗಳು. ಹಾಗೆಂದು ತೊಡಕು ತೀರಿತೆನ್ನುವಂತಿಲ್ಲ. ಆ ಕುಟುಂಬದ ಮದುವೆಗೆಂದು ಒಮ್ಮೆ ತಿಕೋಟಾ ಕಡೆ ಹೋಗಿದ್ದೆ. ನೀರು ಕಂಡ ಹೊಲಗಳಲ್ಲಿ ದ್ರಾಕ್ಷಿಯ ಚಪ್ಪರ, ಒಣದ್ರಾಕ್ಷಿ ಶೆಡ್ಡು, ಹೊಸ ಮನೆ. ಪಕ್ಕದಲ್ಲೇ ಮಳೆ ನಂಬಿದ ಜೋಳ, ತೊಗರಿಯ ಹೊಲ. ಬಾಗಿಲಿಗೆ ಬೀಗ ಬಿದ್ದ ಮನೆ. ಆ ಬೀಗದ ಮನೆಯವರಲ್ಲವೆ ನಮ್ಮ ಲೈನ್ ಮನೆಗಳಲ್ಲಿ ಒಲೆ ಹೂಡಿರುವುದು?

ಇಲ್ಲಿ ನನ್ನ ತಪ್ಪನ್ನೇ ಹೇಳಿಕೊಳ್ಳಬೇಕು. 2011ರ ಜನಗಣತಿ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ, ರೊಬಸ್ಟಾ ಕುಯ್ಲಿನ ನಡುವೆ. ಎಣಿಕೆಗೆ ಬಂದ ಮೇಷ್ಟ್ರಿಗೆ ಕಾಫಿ ಕೊಟ್ಟು, ಮನೆಯವರ ಹೆಸರನ್ನೂ ಕಾಯಂ ಆಳುಗಳ ಹೆಸರನ್ನೂ ಬರೆಸಿದೆ. ಲೈನಿನಲ್ಲಿದ್ದ ಉಳಿದವರ ಬಗ್ಗೆ ಕೇಳಿದಾಗ, "ಅವರು ಬಯಲುಸೀಮೆಯವರು, ಅವರ ಊರಲ್ಲೇ ಬರೆದಿರ್ತಾರೆ ಬಿಡಿ" ಎಂದುಬಿಟ್ಟೆ. ಅವರ ಊರಿನಲ್ಲಿ ಮನೆಗೆ ಬೀಗ. ಎಣಿಕೆಯ ಅವಧಿಯುದ್ದಕ್ಕೂ ಊರು ಬಿಟ್ಟಿದ್ದವರನ್ನು ಇದ್ದಲ್ಲಿಯೇ ಬರೆದುಕೊಳ್ಳಬೇಕೆಂಬುದು ನಿಯಮ ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ನನ್ನ ಆ ಒಂದು ಮಾತಿನಿಂದ ಹನ್ನೊಂದು ಜನ ಎರಡೂ ಕಡೆಯ ಲೆಕ್ಕದಿಂದ ಜಾರಿಹೋಗಿರಬೇಕು. ಪದವಿ ಓದಿದವನ ಕತೆ ಇದು!

ಬರುವ ಗಣತಿಯ ಆಧಾರ ದಿನಾಂಕ 2027ರ ಮಾರ್ಚ್ 1. ಎಣಿಕೆ ಮತ್ತೆ ಫೆಬ್ರವರಿಯಲ್ಲೇ, ಮತ್ತೆ ಕುಯ್ಲಿನಲ್ಲೇ. ತಿಕೋಟಾ, ಬಬಲೇಶ್ವರಗಳಿಗೆ ತಾಲ್ಲೂಕುಗಳಾದ ಮೇಲೆ ಬರುವ ಮೊದಲ ಗಣತಿ ಇದು. ಮುಂದಿನ ನಕಾಶೆಗಳೆಲ್ಲ ಇದರ ಮೇಲೆಯೇ ನಿಲ್ಲಲಿವೆ.

ಹೆಸರು ಬರೆಸಿದರೆ ನಾಳೆ ಕಾರ್ಮಿಕ ಇಲಾಖೆಯವರು ಬಂದಾರು ಎಂದು ಕೆಲವು ಸದಸ್ಯರು ಅಂಜುತ್ತಾರೆ. 1948ರ ಜನಗಣತಿ ಕಾಯ್ದೆಯಂತೆ ವ್ಯಕ್ತಿಗಳ ವಿವರ ಗೋಪ್ಯ. ಅದು ಬೇರೆ ವ್ಯಾಜ್ಯಗಳಿಗೆ ಸಾಕ್ಷ್ಯವಾಗಲಾರದು. ಇನ್ನು ಕೆಲವರು, ಅನಕ್ಷರಸ್ಥ ಕೂಲಿಗಳನ್ನು ಸೇರಿಸಿಕೊಂಡರೆ ನಮ್ಮ ತಾಲ್ಲೂಕಿನ ಅಂಕಿ ಇಳಿಯುತ್ತದೆ ಎನ್ನುತ್ತಾರೆ. ಇಳಿಯಲಿ. ಕಾಫಿಯ ಬೆಲೆ ಏರಿದಾಗ ಆ ಆದಾಯವನ್ನು ನಮ್ಮ ಜಿಲ್ಲೆಯ ಲೆಕ್ಕಕ್ಕೆ ಹಾಕಿಕೊಳ್ಳುತ್ತೇವೆ. ಅದನ್ನು ಕುಯ್ದ ಕೈಗಳನ್ನು ಮಾತ್ರ ಹೊರಗಿಡುವುದು ಯಾವ ನ್ಯಾಯ?

ಆದಕಾರಣ, ಜನವರಿ ಮುಗಿಯುವುದರೊಳಗೆ ಪ್ರತಿಯೊಬ್ಬ ಬೆಳೆಗಾರರೂ ತಮ್ಮ ಲೈನ್ ಮನೆಗಳಲ್ಲಿರುವವರ ಹೆಸರು, ವಯಸ್ಸು, ಓದು, ಊರು ಬರೆದಿಟ್ಟುಕೊಂಡು, ಗಣತಿದಾರರನ್ನು ಖುದ್ದಾಗಿ ಲೈನಿನವರೆಗೆ ಕರೆದೊಯ್ಯಬೇಕೆಂದು ಕೋರುತ್ತೇನೆ. ಮಕ್ಕಳನ್ನು ಬಿಡಬೇಡಿ. ಬರೆಯಲು ರೂಲು ಹಾಕಿದ ಹಾಳೆಗಳು ಸಂಘದ ಕಚೇರಿಯಲ್ಲಿ ದೊರೆಯುತ್ತವೆ.