ಮಳೆಗಾಲದ ಮೈದಾನ

ಮೃಗಶಿರಾ, ಆರಿದ್ರಾ ಮಳೆಗಳಿಗೆ ರೈತನ ಲೆಕ್ಕವೇ ಬೇರೆ. ಬಿತ್ತಿದ್ದು ಹುಟ್ಟಿತೇ, ಹುಟ್ಟಿದ್ದು ನಿಂತಿತೇ ಎಂದು ಆತ ಮುಗಿಲು ನೋಡುತ್ತಾನೆ. ಪುನರ್ವಸುವಿನಿಂದ ಉತ್ತರೆಯವರೆಗಿನ ಮಳೆಗಳಿಗೆ ಶಾಲೆಗಳಲ್ಲಿ ಇನ್ನೊಂದು ಲೆಕ್ಕ ಉಂಟು. ಆಗಲೂ ಮುಗಿಲು ನೋಡುವವರಿದ್ದಾರೆ. ಅವರು ದೈಹಿಕ ಶಿಕ್ಷಕರು ಮತ್ತು ಅವರ ಹಿಂದೆ ಸಾಲಾಗಿ ನಿಂತ ಮಕ್ಕಳು. ಏಕೆಂದರೆ ಶಾಲಾ ಕ್ರೀಡಾಕೂಟಗಳ ಮೊದಲ ಹಂತಗಳು ನಡೆಯುವುದು ಬಹುಪಾಲು ಜುಲೈಯಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳಲ್ಲಿಯೇ.

ಇದಕ್ಕೆ ಕಾರಣವಿಲ್ಲದೆ ಇಲ್ಲ. ವಲಯ ಮಟ್ಟದಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ ಹೋಗಬೇಕು. ಆಮೇಲೆ ರಾಷ್ಟ್ರಮಟ್ಟದ ಶಾಲಾ ಕ್ರೀಡೆಗಳಿಗೆ ರಾಜ್ಯದ ತಂಡ ಹೊರಡಬೇಕು. ವರ್ಷದ ಕೊನೆಗೆ ಪರೀಕ್ಷೆ ಕಾದಿರುತ್ತದೆ. ಹೀಗೆ ಮೇಲಿನಿಂದ ಕೆಳಕ್ಕೆ ದಿನಾಂಕ ಎಣಿಸುತ್ತ ಬಂದರೆ ಹಳ್ಳಿಯ ಶಾಲೆಯ ಪಾಲಿಗೆ ಉಳಿಯುವುದು ಮಳೆಯ ದಿನಗಳು ಮಾತ್ರ. ಮೇಲಿನ ಹಂತದ ಪಂದ್ಯಗಳಿಗೆ ಒಣ ನೆಲ, ಒಳ್ಳೆಯ ಬಿಸಿಲು. ಮೊದಲ ಹಂತಕ್ಕೆ ಕೆಸರು. ಆದರೆ ಬಹಳಷ್ಟು ಮಕ್ಕಳ ಕ್ರೀಡಾ ಜೀವನ ಮೊದಲಾಗುವುದೂ, ಮುಗಿಯುವುದೂ ಆ ಮೊದಲ ಹಂತದಲ್ಲಿಯೇ.

ಬೆಳಗಾವಿ ಜಿಲ್ಲೆ ಅಥಣಿ ತಾಲ್ಲೂಕಿನ ಸತ್ತಿಯಂಥ ಊರನ್ನು ಇಟ್ಟುಕೊಂಡು ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. ಸತ್ತಿ ಕೃಷ್ಣಾ ತೀರದ ಊರು. ಅಥಣಿ ಸೀಮೆ ಮಳೆನೆರಳಿನ ನಾಡು. ವರ್ಷಕ್ಕೆ ಬೀಳುವ ಮಳೆ ಸುಮಾರು 500ರಿಂದ 600 ಮಿಲಿಮೀಟರ್. ಇಷ್ಟು ಕಡಿಮೆ ಮಳೆಯ ಊರಿನಲ್ಲಿ ಆಟಕ್ಕೇನು ಅಡ್ಡಿ ಎಂದು ಹೊರಗಿನವರಿಗೆ ಅನ್ನಿಸಬಹುದು. ಅಡ್ಡಿ ಎರಡು. ಒಂದು ಕಾಲ ಕೆಳಗಿನ ಮಣ್ಣು, ಇನ್ನೊಂದು ದೂರದ ಘಟ್ಟದ ಮಳೆ.

ನದಿತೀರದ ಈ ನೆಲ ಎರೆಮಣ್ಣಿನದು. ಕಬ್ಬಿಗೆ, ಜೋಳಕ್ಕೆ ಇದಕ್ಕಿಂತ ಒಳ್ಳೆಯ ಮಣ್ಣು ಬೇಕಿಲ್ಲ. ಆಟಕ್ಕೆ ಮಾತ್ರ ಇಷ್ಟು ಹಟಮಾರಿ ಮಣ್ಣು ಇನ್ನೊಂದಿಲ್ಲ. ಇದರಲ್ಲಿರುವ ಜೇಡಿಯ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತವೆ. ಒಮ್ಮೆ ಉಬ್ಬಿದ ಮೇಲೆ ನೀರು ಕೆಳಗೆ ಇಳಿಯಲು ದಾರಿಯೇ ಇರುವುದಿಲ್ಲ. ಮಸಬು ನೆಲದಲ್ಲಿ ಬೆಳಿಗ್ಗೆ ಮಳೆ ನಿಂತರೆ ಸಂಜೆಗೆ ಓಡಬಹುದು. ಎರೆನೆಲದಲ್ಲಿ ಅರ್ಧ ತಾಸಿನ ಮಳೆ ಮೂರು ದಿನದ ಅಭ್ಯಾಸವನ್ನು ನುಂಗುತ್ತದೆ. ಓಡುವ ಹುಡುಗನ ಪಾದಕ್ಕೆ ನಾಲ್ಕು ಹೆಜ್ಜೆಗೆ ಒಂದು ಹೆಂಟೆ ಮಣ್ಣು ಅಂಟುತ್ತದೆ. ಉದ್ದಜಿಗಿತದ ಗುಂಡಿ ಕೆರೆಯಾಗುತ್ತದೆ. ಚಕ್ರ, ಭರ್ಜಿ ಒದ್ದೆ ಕೈಯಿಂದ ಎತ್ತಲೋ ಜಾರುತ್ತವೆ. ಬಿಸಿಲು ಬಿದ್ದು ಒಣಗಿತೆಂದರೆ ದನಗಳ ಗೊರಸಿನ ಗುರುತು ಕಲ್ಲಿನಂತೆ ಗಟ್ಟಿಯಾಗಿ, ಅದರಲ್ಲಿ ಕಾಲಿಟ್ಟವರ ಹರಡು ಉಳುಕುತ್ತದೆ.

ಇನ್ನು ಘಟ್ಟದ ಮಳೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,500 ಮಿಲಿಮೀಟರಿಗೂ ಹೆಚ್ಚು ಮಳೆ. ಕರಾಡದಲ್ಲಿ ಕೊಯ್ನಾ, ಮುಂದೆ ವಾರಣಾ, ಪಂಚಗಂಗಾ, ದೂಧಗಂಗಾ ನದಿಗಳು ಕೂಡಿಕೊಂಡ ಮೇಲೆ ಹೊಳೆ ಅಥಣಿ ತಾಲ್ಲೂಕಿನ ದಂಡೆಗೆ ಬರುತ್ತದೆ. ಹಾಗಾಗಿ ನೆತ್ತಿಯ ಮೇಲೆ ಬಿಸಿಲಿದ್ದಾಗಲೂ ಕಾಲ ಬುಡಕ್ಕೆ ನೀರು ಬರುವುದು ಇಲ್ಲಿಯ ವಿಚಿತ್ರ. 2005ರಲ್ಲಿ, 2019ರ ಆಗಸ್ಟ್‌ನಲ್ಲಿ, 2021ರ ಜುಲೈ ಕೊನೆಯಲ್ಲಿ ಕೃಷ್ಣಾ ತೀರದ ಹಳ್ಳಿಗಳು ಇದನ್ನು ಕಂಡಿವೆ. 2019ರಲ್ಲಿ ಬೆಳಗಾವಿ ಜಿಲ್ಲೆಯ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಅನೇಕ ಶಾಲೆಗಳೇ ಪರಿಹಾರ ಕೇಂದ್ರಗಳಾದವು. ತರಗತಿಯಲ್ಲಿ ಜನ, ಅಂಗಳದಲ್ಲಿ ಜಾನುವಾರು. ಅಂಥ ಹೊತ್ತಿನಲ್ಲಿ ಆಟದ ಮಾತು ಎತ್ತುವುದು ಯಾರಿಗೂ ಸರಿ ಕಾಣದು. ಆದರೂ ನೀರು ಇಳಿದ ಮೇಲೆ, ಗೋಡುಮಣ್ಣು ತುಂಬಿದ ಅಂಗಳವನ್ನು ನೋಡುತ್ತ ನಿಂತ ಮಕ್ಕಳಿಗೆ ಆ ವರ್ಷದ ಆಟ ಹೋದದ್ದು ಸಣ್ಣ ನಷ್ಟವಲ್ಲ. ಪ್ರಾಥಮಿಕ ವಿಭಾಗದ ಕೊನೆಯ ವರ್ಷ, ಪ್ರೌಢಶಾಲೆಯ ಕೊನೆಯ ವರ್ಷ ಎಂಬುದು ಮಗುವಿಗೆ ಎರಡನೇ ಸಲ ಬರುವುದಿಲ್ಲ.

ಎಲ್ಲ ಆಟಗಳೂ ಮಳೆಗೆ ಒಂದೇ ರೀತಿ ಹೆದರುವುದಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಫುಟ್‌ಬಾಲ್ ಸಾಮಾನ್ಯ ಮಳೆಯಲ್ಲಿ ನಿಲ್ಲುವುದಿಲ್ಲ. ನೀರು ನಿಂತು ಚೆಂಡು ಉರುಳದಂತಾದರೆ, ಇಲ್ಲವೆ ಸಿಡಿಲಿದ್ದರೆ ಮಾತ್ರ ನಿಲ್ಲಿಸುತ್ತಾರೆ. ಹಾಕಿಯದು ಇನ್ನೂ ತಮಾಷೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕೃತಕ ಹುಲ್ಲುಹಾಸು ಬಂದ ಮೇಲೆ, ಅಂಥ ಮೈದಾನಗಳಿಗೆ ಆಟಕ್ಕೆ ಮುಂಚೆ ನೀರು ಚಿಮುಕಿಸಿ ತೋಯಿಸುವುದೇ ರೂಢಿಯಾಯಿತು. ಚೆಂಡು ಸಮನಾಗಿ ಓಡಲಿ, ಬಿದ್ದವರ ಚರ್ಮ ಸುಡದಿರಲಿ ಎಂದು. ಕ್ರಿಕೆಟ್ ಮಾತ್ರ ನಾಲ್ಕು ಹನಿಗೇ ಒಳಗೆ ಓಡುತ್ತದೆ. ಅದಕ್ಕೂ ಕಾರಣವುಂಟು. ತೊಗಲಿನ ಚೆಂಡು ನೀರು ಹೀರಿ ಭಾರವಾಗುತ್ತದೆ, ಬೆರಳಿನ ಹಿಡಿತ ತಪ್ಪುತ್ತದೆ. ವೇಗವಾಗಿ ಓಡಿ ಬಂದು ಮುಂಗಾಲು ಊರುವ ಬೌಲರ್ ಒದ್ದೆ ನೆಲದಲ್ಲಿ ಜಾರಿದರೆ ಮೊಣಕಾಲೇ ಹೋದೀತು. 22 ಗಜದ ಪಿಚ್ ತೇವವಾದರೆ ಚೆಂಡು ಪುಟಿಯುವ ರೀತಿಯೇ ಬದಲಾಗಿ ಆಟ ಒಂದು ತಂಡದ ಕಡೆಗೆ ವಾಲುತ್ತದೆ.

ಮಳೆ ಆಟವನ್ನು ವಾಲಿಸಿದ್ದಕ್ಕೆ 1992ರ ಮಾರ್ಚ್ 22ರ ಸಿಡ್ನಿ ಪಂದ್ಯಕ್ಕಿಂತ ದೊಡ್ಡ ಸಾಕ್ಷಿ ಬೇಡ. ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡಿನ ಎದುರು ದಕ್ಷಿಣ ಆಫ್ರಿಕಾಕ್ಕೆ 13 ಎಸೆತಗಳಲ್ಲಿ 22 ಓಟ ಬೇಕಿತ್ತು. ಸುಮಾರು ಹನ್ನೆರಡು ನಿಮಿಷದ ಮಳೆ ನಿಂತ ಮೇಲೆ, ಅಂದಿನ ನಿಯಮದ ಪ್ರಕಾರ ಉಳಿದದ್ದು ಒಂದೇ ಎಸೆತ, ಬೇಕಾದದ್ದು 21 ಓಟ. ಈ ಅನ್ಯಾಯ ಕಂಡ ಮೇಲೆ ಫ್ರಾಂಕ್ ಡಕ್‌ವರ್ತ್, ಟೋನಿ ಲೂಯಿಸ್ ಎಂಬ ಇಬ್ಬರು ಇಂಗ್ಲಿಷ್ ಸಂಖ್ಯಾಶಾಸ್ತ್ರಜ್ಞರು ಹೊಸ ಲೆಕ್ಕ ಹಾಕಿದರು. ತಂಡವೊಂದರ ಬಂಡವಾಳ ಉಳಿದ ಓವರುಗಳಷ್ಟೇ ಅಲ್ಲ, ಉಳಿದ ವಿಕೆಟ್‌ಗಳೂ ಹೌದು. ಎರಡನ್ನೂ ಕೂಡಿ ತೂಗಬೇಕು ಎಂಬುದು ಅದರ ತಿರುಳು. 1997ರ ಜನವರಿ 1ರಂದು ಜಿಂಬಾಬ್ವೆ-ಇಂಗ್ಲೆಂಡ್ ಪಂದ್ಯದಲ್ಲಿ ಅದು ಮೊದಲು ಬಳಕೆಗೆ ಬಂತು. ಗಣಿತ ಯಾವ ಕೆಲಸಕ್ಕೆ ಬರುತ್ತದೆ ಎಂದು ಕೇಳುವ ವಿದ್ಯಾರ್ಥಿಗಳಿಗೆ ಇದೊಂದು ಉತ್ತರ. ಮಳೆಯನ್ನು ತಡೆಯಲಾಗದಿದ್ದರೂ ಅದು ಮಾಡುವ ಅನ್ಯಾಯವನ್ನು ಕಡಿಮೆ ಮಾಡಬಹುದು ಎಂದು ಆ ಇಬ್ಬರು ತೋರಿಸಿದರು.

ನಮ್ಮ ರಾಜಧಾನಿಯಲ್ಲಿ ಯಂತ್ರದ ದಾರಿ ಹಿಡಿದರು. 2015ರ ನವೆಂಬರ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ-ದಕ್ಷಿಣ ಆಫ್ರಿಕಾ ಟೆಸ್ಟ್ ಮೊದಲ ದಿನ ಮಾತ್ರ ನಡೆಯಿತು. ಉಳಿದ ನಾಲ್ಕು ದಿನ ಒಂದು ಎಸೆತವೂ ಬೀಳಲಿಲ್ಲ. ಮುಂದೆ 2017ರಲ್ಲಿ ಅಲ್ಲಿ ಹುಲ್ಲಿನ ಕೆಳಗೆ ಮರಳು, ಕೊಳವೆಗಳನ್ನು ಹಾಕಿ, ನೀರನ್ನು ಎಳೆದುಕೊಳ್ಳುವ ಯಂತ್ರ ಕೂಡಿಸಿದರು. ಮಳೆ ನಿಂತ ಸ್ವಲ್ಪ ಹೊತ್ತಿನಲ್ಲಿ ಮೈದಾನ ಆಟಕ್ಕೆ ಸಿದ್ಧವಾಗುತ್ತದೆ. ಆದರೆ ಆ ಯಂತ್ರಕ್ಕೂ ಬೀಳುವ ಮಳೆಯನ್ನು ನಿಲ್ಲಿಸಲು ಬಾರದು. 2025ರ ಮೇ 17ರಂದು ಟೆಸ್ಟ್ ಆಟಕ್ಕೆ ವಿದಾಯ ಹೇಳಿದ್ದ ವಿರಾಟ್ ಕೊಹ್ಲಿಗೆ ಗೌರವ ಸಲ್ಲಿಸಲು ಬಿಳಿ ಅಂಗಿ ತೊಟ್ಟು ಬಂದ ಸಾವಿರಾರು ಪ್ರೇಕ್ಷಕರು ರಾತ್ರಿಯವರೆಗೆ ಮಳೆ ನೋಡುತ್ತ ಕುಳಿತು ಮನೆಗೆ ಹೋದರು. ಒಂದು ಚೆಂಡೂ ಬೀಳಲಿಲ್ಲವೆಂದು ಟಿಕೆಟ್ ಹಣ ಮರಳಿ ಕೊಡುವ ವ್ಯವಸ್ಥೆಯಾಯಿತು.

ಹಳ್ಳಿಯ ಪ್ರೇಕ್ಷಕನಿಗೆ ಟಿಕೆಟ್ ಇಲ್ಲ, ಮರಳಿ ಪಡೆಯುವ ಹಣವೂ ಇಲ್ಲ. ಅವನು ಕಳೆದುಕೊಳ್ಳುವುದು ಬೇರೆ. ಮಳೆ ಹೊಯ್ದ ದಿನ ಎರೆಹೊಲಕ್ಕೆ ಕಾಲಿಡಲಾಗದು. ಅಂದು ತಂದೆ-ತಾಯಿಗೆ ಬಿಡುವು, ಆದರೆ ಅಂದೇ ಮೈದಾನದಲ್ಲಿ ಆಟವಿಲ್ಲ. ನಾಲ್ಕು ದಿನ ಬಿಸಿಲು ಬಿದ್ದು ನೆಲ ಹದಕ್ಕೆ ಬಂದಾಗ ಮುಂದೂಡಿದ ಪಂದ್ಯ ನಡೆಯುತ್ತದೆ. ಅಂದು ಹೊಲದಲ್ಲಿ ಎಡೆ ಹೊಡೆಯುವ, ಕಳೆ ತೆಗೆಯುವ ಅವಸರ. ಹೀಗೆ ಒಂದೇ ಹದ ಹೊಲವನ್ನೂ ಮೈದಾನವನ್ನೂ ಒಟ್ಟಿಗೆ ತೆರೆಯುತ್ತದೆ. ಮಗಳು ಖೋಖೋದಲ್ಲಿ ಎಷ್ಟು ಹೊತ್ತು ಸಿಗದೆ ಓಡಿದಳು ಎಂಬುದನ್ನು ತಾಯಿ ಕಾಣುವುದೇ ಇಲ್ಲ. ‘ಆಟ ಆಡಿ ಏನ ಮಾಡಾಕಿ, ಓದ್ಕೋ’ ಎಂಬ ಮಾತು ಮನೆಯಲ್ಲಿ ಬರುವುದು ಆಟದ ಮೇಲಿನ ಸಿಟ್ಟಿನಿಂದಲ್ಲ. ಆ ಆಟವನ್ನು ಒಮ್ಮೆಯೂ ಕಣ್ಣಾರೆ ನೋಡದೆ ಇರುವುದರಿಂದ. ಮಳೆಯಿಂದ ಆಗುವ ನಷ್ಟಗಳಲ್ಲಿ ಇದೇ ದೊಡ್ಡದು, ಯಾರ ಲೆಕ್ಕದಲ್ಲಿಯೂ ಬರದ್ದು. ಗಂಡುಮಕ್ಕಳು ಕೆಸರಲ್ಲಾದರೂ ಆಡಿಕೊಂಡು ಕತ್ತಲಾದ ಮೇಲೆ ಮನೆಗೆ ಬಂದಾರು. ಅಭ್ಯಾಸ ತಡವಾದರೆ, ಪಂದ್ಯ ಬೇರೆ ಊರಿಗೆ ಹೋದರೆ ಮೊದಲು ಹೆಸರು ಬಿಡುವುದು ಹುಡುಗಿಯರದು.

ಹಿರಿಯರು ಈ ತೊಡಕನ್ನು ಬಿಡಿಸಿಕೊಂಡ ರೀತಿ ಸರಳವಾಗಿತ್ತು. ಮಳೆಗಾಲವನ್ನು ಅವರು ಪಂದ್ಯಕ್ಕೆ ಇಡಲಿಲ್ಲ, ಸಾಧನೆಗೆ ಇಟ್ಟರು. ಗಡಿಭಾಗದಲ್ಲಿ ಗರಡಿಮನೆಗೆ, ಅಂದರೆ ತಾಲೀಮಿಗೆ, ಮಾಡು ಇರುತ್ತದೆ. ಹೊರಗೆ ಮಳೆ ಸುರಿಯುತ್ತಿದ್ದರೂ ಒಳಗೆ ಕೆಮ್ಮಣ್ಣಿನ ಕಣದಲ್ಲಿ ದಂಡ, ಬೈಠಕ್, ಪಟ್ಟು ನಡೆದೇ ಇರುತ್ತದೆ. ಬಯಲಿನ ದೊಡ್ಡ ಕುಸ್ತಿಗಳು ಸುಗ್ಗಿ ಮುಗಿದ ಮೇಲೆ, ಜಾತ್ರೆಯ ಹೊತ್ತಿಗೆ. ಆಗ ನೆಲವೂ ಒಣಗಿರುತ್ತದೆ, ನೋಡುವವರಿಗೂ ಬಿಡುವಿರುತ್ತದೆ. ಇದೇ ಕೃಷ್ಣೆಯ ಮೇಲುದಂಡೆಯಲ್ಲಿ, ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ ಮಣ್ಣಿನ ಕಣದಲ್ಲಿ ಬೆಳೆದು, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ ಅದು. ಶ್ರಾವಣದ ನಾಗರಪಂಚಮಿಗೆ ಉತ್ತರ ಕರ್ನಾಟಕದಲ್ಲಿ ಆಡುವ ಆಟಗಳೂ ಹೀಗೆಯೇ. ಜೋಕಾಲಿಗೆ ಮರದ ಕೊಂಬೆ ಸಾಕು, ಒಣ ನೆಲ ಬೇಕಿಲ್ಲ. ಕರಾವಳಿ, ಕೊಡಗಿನವರು ಮಳೆಗಾಲದಲ್ಲಿ ಕೆಸರುಗದ್ದೆಯಲ್ಲಿಯೇ ಓಟ, ಹಗ್ಗಜಗ್ಗಾಟ ಏರ್ಪಡಿಸುತ್ತಾರೆ. ಅದೇ ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯುವುದು ಬೇಸಿಗೆಯಲ್ಲಿ, ಮುಂಗಾರಿಗೆ ಮೊದಲು. ಮನೆಮಂದಿಯೆಲ್ಲ ಬಂದು ಕುಳಿತು ನೋಡುವುದು ಆಗ ಸಾಧ್ಯ.

ಶಾಲೆಯ ಆಟಗಳಿಗೂ ಈ ತಿಳಿವಳಿಕೆ ಬೇಕು. ಇಡೀ ರಾಜ್ಯದ ದಿನಪಟ್ಟಿ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಬೇಸಿಗೆಯಲ್ಲಿಯೇ ಓಟದ ದಾರಿಯ ಮೇಲಿನ ಎರೆಮಣ್ಣು ತೆಗೆದು, ಗರಸು ಹಾಕಿ, ನೀರು ಹಾಕಿ ಕುಟ್ಟಿ, ನಡುವೆ ತುಸು ಎತ್ತರ, ಅಂಚಿಗೆ ಇಳಿಜಾರು ಮಾಡಿ, ಸುತ್ತ ಒಂದು ಕಾಲುವೆ ತೋಡಿದರೆ ಅರ್ಧ ತೊಂದರೆ ಕಳೆಯುತ್ತದೆ. ಹೊಲಕ್ಕೆ ಬದು ಹಾಕಿ ನೀರು ಹರಿಸಬಲ್ಲ ಊರಿಗೆ ಇದು ದೊಡ್ಡ ವಿದ್ಯೆಯಲ್ಲ. ಜಿಗಿತದ ಗುಂಡಿಗೆ ಮರಳು ತುಂಬಿ ಮೇಲೊಂದು ತಾಡಪತ್ರಿ ಹೊದಿಸಬಹುದು. ಕಬಡ್ಡಿ, ಖೋಖೋಗಳಿಗೆ ಈಗ ಮಾಡು ಮತ್ತು ಮ್ಯಾಟ್ ಬಂದಿವೆ. 2014ರಿಂದ ಪ್ರೊ ಕಬಡ್ಡಿ ಒಳಾಂಗಣದಲ್ಲಿಯೇ ನಡೆಯುತ್ತಿದೆ. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ಪನ್ನು ಭಾರತದ ಪುರುಷರೂ ಮಹಿಳೆಯರೂ ಒಳಾಂಗಣದ ಮ್ಯಾಟಿನ ಮೇಲೆ ಗೆದ್ದರು. ಮಣ್ಣಿನಲ್ಲಿ ಕಲಿತು ಮ್ಯಾಟಿನ ಮೇಲೆ ಆಡಬೇಕಾದ ಮಕ್ಕಳಿಗೆ ಹೋಬಳಿಗೊಂದಾದರೂ ತಗಡಿನ ಮಾಡಿನ ಅಂಗಳ ಬೇಕೆಂದು ಕೇಳುವುದು ದುರಾಸೆಯಲ್ಲ. ಮಳೆಗೆಂದು ಒಂದು ಕಾಯ್ದಿಟ್ಟ ದಿನವನ್ನು ಮೊದಲೇ ಗೊತ್ತುಮಾಡಿ ಪಾಲಕರಿಗೆ ತಿಳಿಸಿದರೆ, ಹೊಲದ ಕೆಲಸವನ್ನು ಅತ್ತಿತ್ತ ಮಾಡಿಕೊಳ್ಳಲು ಅವರಿಗೂ ಅನುಕೂಲ.

ಒಂದು ವಿಷಯದಲ್ಲಿ ಮಾತ್ರ ಧೈರ್ಯ ತೋರಿಸುವುದು ಸಲ್ಲದು. ಅದು ಸಿಡಿಲು. 2024ರ ನವೆಂಬರ್ 3ರಂದು ಪೆರು ದೇಶದಲ್ಲಿ ಫುಟ್‌ಬಾಲ್ ಪಂದ್ಯವನ್ನು ನಿಲ್ಲಿಸಿ ಆಟಗಾರರು ಹೊರನಡೆಯುತ್ತಿದ್ದಾಗಲೇ ಸಿಡಿಲು ಬಡಿದು ಒಬ್ಬ ಆಟಗಾರ ತೀರಿಕೊಂಡ. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ಬೀಳುವಷ್ಟು ಹತ್ತಿರದಲ್ಲಿಯೇ ಇದೆ ಎಂದು ತಿಳಿದು ಆಟಗಾರರೂ ಪ್ರೇಕ್ಷಕರೂ ಕೂಡಲೇ ಶಾಲೆಯ ಕಟ್ಟಡ ಸೇರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಮತ್ತೆ ಇಳಿಯಬಾರದು. ಮೈದಾನದಂಚಿನ ಬೇವು, ಹುಣಸೆಯ ಕೆಳಗೆ, ಧ್ವಜಕಂಬದ ಹತ್ತಿರ ನಿಲ್ಲುವುದು ಎಲ್ಲಕ್ಕಿಂತ ಅಪಾಯ. ಸಿಡಿಲಿಲ್ಲದ ಬರಿಯ ಮಳೆಯಾದರೆ ಹೆದರಬೇಕಿಲ್ಲ. ನೆನೆದ ಮಗು ಒಣಬಟ್ಟೆ ತೊಟ್ಟು, ಕಾಲಿನ ಕೆಸರು ತೊಳೆದು, ಬಿಸಿಯಾದದ್ದೇನಾದರೂ ಉಂಡರೆ ಸಾಕು.

ಮಳೆ ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ಅಥಣಿ ಸೀಮೆಯ ಬಾಯಿಯಲ್ಲಂತೂ ಆ ಮಾತು ಬರಲಾರದು. ಮಕ್ಕಳು ಕೇಳುವುದು ಅದನ್ನಲ್ಲ. ಕಾಲೂರಲು ಒಂದಿಷ್ಟು ಗಟ್ಟಿ ನೆಲ, ಹೋದ ದಿನಕ್ಕೆ ಬದಲು ಇನ್ನೊಂದು ದಿನ, ಆ ದಿನ ಅಂಚಿನಲ್ಲಿ ನಿಲ್ಲಲು ಮನೆಯವರೊಬ್ಬರು. ಕೊಡೆ ಇಲ್ಲದಿದ್ದರೂ ನಡೆದೀತು. ಗೋಣಿಚೀಲದ ಕೊಪ್ಪೆ ಹೊದ್ದು ಅಪ್ಪ ಒಂದು ತಾಸು ನಿಂತು ನೋಡಿದ ಆಟವನ್ನು ಮಗಳು ಅಷ್ಟು ಸುಲಭವಾಗಿ ಬಿಡುವುದಿಲ್ಲ.